ಹಾಡಿಯ ಮಕ್ಕಳ ಪಾಠಶಾಲೆ

ಪೂರ್ವಕಾಲದಲ್ಲಿ ಶಿಷ್ಯನು ಗುರುವನ್ನರಸಿ ಅರಣ್ಯಕ್ಕೆ ಹೋಗುತ್ತಿದ್ದನು; ಅರಣ್ಯದಲ್ಲಿಯೇ ಹುಟ್ಟಿದ ಏಕಲವ್ಯನಿಗೆ ಮಾತ್ರ ದ್ರೋಣರು ವಿದ್ಯೆಯನ್ನು ಕೊಡಲಿಲ್ಲ. ಹೆಗ್ಗಡದೇವನಕೋಟೆಯ ಸೀಮೆಯ ಜೇನುಕುರುಬ, ಕಾಡುಕುರುಬ, ಎರವರ ಮಕ್ಕಳ ಪಾಡೂ ಬಹುಕಾಲ ಅಂತೆಯೇ ಇದ್ದಿತು. 1973ರಲ್ಲಿ ಬಂಡೀಪುರವು ಹುಲಿಗಳ ಸಂರಕ್ಷಣಾ ಯೋಜನೆಗೆ ಸೇರಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಪಿಲೆಗೆ ಅಣೆಕಟ್ಟು ಪೂರ್ಣವಾಯಿತು. ಕಾಡನ್ನು ಬಿಟ್ಟು ಬಂದ ಅನೇಕ ಕುಟುಂಬಗಳಿಗೆ ಹಳೆಯ ಜೀವನೋಪಾಯವು ತಪ್ಪಿತು. ಹೊಸದು ಕೈಗೆ ಹತ್ತಲಿಲ್ಲ.

ಮೈಸೂರಿನ ವೈದ್ಯವಿದ್ಯಾರ್ಥಿಗಳು 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಮೊದಲು ಈ ಹಾಡಿಗಳಿಗೆ ಔಷಧವನ್ನು ತಂದಿತು. ಬಳಿಕ ಅಕ್ಷರವನ್ನು ತಂದಿತು. 1988ರಲ್ಲಿ ಬ್ರಹ್ಮಗಿರಿಯ ಹಾಡಿಯ ಒಂದು ದನದ ಕೊಟ್ಟಿಗೆಯೇ ಪಾಠಶಾಲೆಯಾಯಿತು. ಅದೇ ಮುಂದೆ ಹೊಸಹಳ್ಳಿಯ ವಸತಿಶಾಲೆಯಾಗಿ ಬೆಳೆಯಿತು.

ಇಂತಹ ಶಾಲೆಗೆ ಆಟದ ಬಯಲು ಕೇವಲ ಅಲಂಕಾರವಲ್ಲ. ಜೇನಿಗಾಗಿ ಎತ್ತರದ ಮರವನ್ನೇರುವವರ ಮನೆಯ ಕೂಸಿಗೆ ಕಪ್ಪುಹಲಗೆಯು ಅಪರಿಚಿತ. ಓಟ, ನೆಗೆತಗಳು ಬಾಲ್ಯದ ಒಡನಾಡಿಗಳು. ಬಯಲಿನಲ್ಲಿ ಪಡೆದ ಧೈರ್ಯವು ಆ ಕೂಸನ್ನು ಹಲಗೆಯ ಮುಂದೆ ಅಂಜದೆ ಕುಳ್ಳಿರಿಸಬಲ್ಲದು.

ಆದರೂ ಒಂದು ಎಚ್ಚರಿಕೆಯು ಅವಶ್ಯ. ಕಾಡಿನ ಮಕ್ಕಳು ಓಡುವುದಕ್ಕೇ ಹುಟ್ಟಿದವರೆಂದು ಹೊಗಳಿ, ಓದನ್ನು ಅನ್ಯರ ಸ್ವತ್ತೆಂದೆಣಿಸಿದರೆ, ಆ ಹೊಗಳಿಕೆಯೂ ಹೆಬ್ಬೆರಳನ್ನು ಬೇಡಿದಂತೆಯೇ ಸರಿ. ಕಾಲಿಗೆ ಬಯಲನ್ನೂ ಕೈಗೆ ಬಳಪವನ್ನೂ ಒಟ್ಟಿಗೆ ಕೊಡುವ ಶಾಲೆಯೇ ಏಕಲವ್ಯನ ಋಣವನ್ನು ತೀರಿಸೀತು.