ಪಡಿಯಚ್ಚು, ಪಾಠ ಮತ್ತು ಎರಡು ಬಾಗಿಲಿನ ಲ್ಯಾಪ್‌ಟಾಪ್

ಕಳೆದ ಮಳೆಗಾಲದ ಒಂದು ಸಂಜೆ ಕಾಪುವಿನ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಎಂದೋ ಕೈಕೊಟ್ಟಿತ್ತು. ವಿಂಡೋಸ್ ಅಪ್‌ಡೇಟ್ ಅರ್ಧಕ್ಕೆ ನಿಂತಿತು. ಕರೆಂಟು ಬಂದ ಮೇಲೆ ಕಂಡದ್ದು ಕಪ್ಪು ಪರದೆ, ಬೂಟ್ ಆಗುವ ಡಿಸ್ಕೇ ಇಲ್ಲ ಎಂಬ ಒಂದು ಸಾಲು. ನನ್ನ ಯಂತ್ರದಲ್ಲಿ ವಿಂಡೋಸ್, ಉಬುಂಟು ಎರಡೂ ಇದ್ದವು. ಗಾಬರಿಯಲ್ಲಿ ನಾನೇ ರಿಪೇರಿಗೆ ಇಳಿದು ಪಾರ್ಟಿಷನ್‌ಗಳನ್ನೂ ಕೆಡಿಸಿಕೊಂಡೆ. ಎರಡೂ ಬಾಗಿಲು ಮುಚ್ಚಿದವು.

ಕಾರ್ಕಳದ ಗೆಳತಿಗೆ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ ಮಾತು: "ಥೀಸಿಸ್ ಬೇರೆ ಕಡೆ ಉಂಟಲ್ಲ ಮಾರಾಯ್ತಿ, ಮತ್ತೆಂತ ಚಿಂತೆ?"

ಥೀಸಿಸ್ ಇತ್ತು. ಫೋಟೋಗಳೂ ಟಿಪ್ಪಣಿಗಳೂ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಭದ್ರವಾಗಿದ್ದವು. ಆದರೂ ಮತ್ತೆ ಕೆಲಸಕ್ಕೆ ಕೂರಲು ನನಗೆ ಹನ್ನೊಂದು ದಿನ ಬೇಕಾಯಿತು. ಅಕ್ಕಿ ಉಳಿದಿತ್ತು, ಒಲೆ ಹೋಗಿತ್ತು.

ನನ್ನ ಸಂಶೋಧನೆ ಕಾರ್ಕಳ ಸುತ್ತಿನ ಶಾಸನಗಳದ್ದು. ಹಿರಿಯ ಸಂಶೋಧಕರೊಬ್ಬರು ಇಪ್ಪತ್ತು ವರ್ಷದ ಹಿಂದೆ ಊರೂರು ತಿರುಗಿ ಟೈಪ್ ಮಾಡಿಟ್ಟ ಟಿಪ್ಪಣಿಗಳನ್ನು ನನಗೆ ಕೊಟ್ಟಿದ್ದಾರೆ. ಅವರು ದಾಖಲಿಸಿದ ಒಂದು ಕಲ್ಲು ಈಗ ಅದರ ಜಾಗದಲ್ಲಿಲ್ಲ. ಅಲ್ಲಿ ರಸ್ತೆ ಅಗಲವಾಗಿದೆ. ಆ ಶಾಸನಕ್ಕೆ ನನ್ನಲ್ಲಿರುವ ಆಧಾರ ಅವರ ಫೈಲು ಮಾತ್ರ. ಆ ಫೈಲು ಯೂನಿಕೋಡಿಗೆ ಮೊದಲಿನ ಫಾಂಟಿನದ್ದು.

ಇದನ್ನು ಸ್ವಲ್ಪ ವಿವರಿಸಬೇಕು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಅದು ನಮ್ಮ ಮೇಜಿನವರೆಗೆ ಬರಲು ವರ್ಷಗಳು ಹಿಡಿದವು. ಅಲ್ಲಿಯವರೆಗೆ ಕನ್ನಡವನ್ನು ಕಂಪ್ಯೂಟರಿಗೆ ತಂದವರು ಈ ಕರಾವಳಿಯವರೇ ಆದ ಕೆ.ಪಿ. ರಾವ್ ಅವರಂಥವರು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರಿಟ್ಟರು. 1998ರಲ್ಲಿ 'ಬರಹ' ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುತ್ತಿದ್ದುದು ಲ್ಯಾಟಿನ್ ಅಕ್ಷರಗಳ ಸಂಕೇತಗಳನ್ನು. ತೆರೆಯ ಮೇಲೆ ಕನ್ನಡವಾಗಿ ತೋರಿಸುವುದಷ್ಟೇ ಫಾಂಟಿನ ಕೆಲಸ. ಫಾಂಟು ಹೋದರೆ ಶಾಸನದ ಪಾಠ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿಯಾಗುತ್ತದೆ. ಪರಿವರ್ತಕಗಳಿವೆ ನಿಜ. ಆದರೆ ಒತ್ತಕ್ಷರ ತಪ್ಪಿತೋ, ಅಂಕಿ ಬದಲಾಯಿತೋ ಎಂದು ನೋಡಲು ಮೂಲವನ್ನು ಮೂಲದ ರೂಪದಲ್ಲೇ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಅದಕ್ಕೇ ನನ್ನಲ್ಲಿ ವಿಂಡೋಸ್. ಉಳಿದ ಬರವಣಿಗೆ, ಅಕ್ಷರ ಗುರುತಿಸುವ ತಂತ್ರಾಂಶ ಎಲ್ಲ ಉಬುಂಟುವಿನಲ್ಲಿ. ಆ ಹನ್ನೊಂದು ದಿನಗಳಲ್ಲಿ ಹೆಚ್ಚಿನವು ಆ ಹಳೆಯ ಫಾಂಟನ್ನು ಹುಡುಕುವುದರಲ್ಲೇ ಕಳೆದವು.

ಫೈಲುಗಳ ನಕಲು ಮತ್ತು ಇಡೀ ಡಿಸ್ಕಿನ ಇಮೇಜ್ ಎರಡೂ ಬೇರೆ ಎಂಬುದು ನನಗೆ ಅರ್ಥವಾಗಬೇಕಾದದ್ದು ಎಂದೋ. ಯಾಕೆಂದರೆ ಶಾಸನ ಓದುವವರು ಮೊದಲು ಕಲಿಯುವ ಪಾಠವೇ ಅದು. ಕಾರ್ಕಳದ ಗೊಮ್ಮಟ ಪ್ರತಿಷ್ಠೆಯಾದದ್ದು 1432ರ ಫೆಬ್ರವರಿ 13ರಂದು, ವೀರಪಾಂಡ್ಯನಿಂದ. ಮೂರ್ತಿಯ ಪಕ್ಕದಲ್ಲಿರುವ ಶಾಸನವನ್ನು ಹುಲ್ಟ್‌ಶ್ ಅವರು ಎಪಿಗ್ರಾಫಿಯಾ ಇಂಡಿಕಾದ 7ನೇ ಸಂಪುಟದಲ್ಲಿ ಪ್ರಕಟಿಸಿದರು. ಪುಸ್ತಕದಲ್ಲಿ ಅಚ್ಚಾಗುವುದು ಪಾಠ, ಎಂದರೆ ವಿದ್ವಾಂಸರು ಓದಿಕೊಂಡ ಅಕ್ಷರಗಳು. ಶಾಸನತಜ್ಞರು ಇದರ ಜೊತೆಗೆ ಪಡಿಯಚ್ಚನ್ನೂ ತೆಗೆಯುತ್ತಾರೆ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ, ಶಾಯಿ ಒತ್ತಿದರೆ ಅಕ್ಷರದ ಜೊತೆಗೆ ಕಲ್ಲಿನ ಬಿರುಕೂ ಖಾಲಿ ಜಾಗವೂ ಕಾಗದಕ್ಕೆ ಇಳಿಯುತ್ತವೆ. ಪಾಠ ತಪ್ಪೆನಿಸಿದರೆ ನೂರು ವರ್ಷದ ನಂತರವೂ ಪಡಿಯಚ್ಚಿಗೆ ಮರಳಬಹುದು.

ಉಡುಪಿಯ ಸರ್ವಮೂಲ ಗ್ರಂಥಗಳ ಕಥೆಯೂ ಹೀಗೆಯೇ. ಬನ್ನಂಜೆ ಗೋವಿಂದಾಚಾರ್ಯರು ಹೃಷೀಕೇಶತೀರ್ಥರ ತಾಳೆಗರಿಯನ್ನು ಆಧರಿಸಿ ಪಾಠ ಸಂಪಾದಿಸಿದರು. 2006ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್ ಅವರ ತಂಡ ಸರ್ವಮೂಲದ ಸುಮಾರು 700 ವರ್ಷ ಹಳೆಯ ತಾಳೆಗರಿಗಳನ್ನು ಅತಿಗೆಂಪು ಬೆಳಕಿನಲ್ಲಿ ಚಿತ್ರೀಕರಿಸಿತು. ಒಂದು ಪಾಠ, ಇನ್ನೊಂದು ಪಡಿಯಚ್ಚು. ಒಂದಿದ್ದರೆ ಇನ್ನೊಂದು ಬೇಡವೆನ್ನುವಂತಿಲ್ಲ.

ಡಿಸ್ಕಿನ ಪಡಿಯಚ್ಚಿಗೂ ಒಂದು ಚರಿತ್ರೆಯಿದೆ. 1970ರ ದಶಕದ ಯುನಿಕ್ಸ್‌ನ 'ಡಿಡಿ' ಆದೇಶ ಇಂದಿಗೂ ಲಿನಕ್ಸಿನಲ್ಲಿದೆ. ಅದು ಡಿಸ್ಕಿನ ಒಂದೊಂದು ತುಣುಕನ್ನೂ, ಖಾಲಿ ಜಾಗವನ್ನೂ ಬಿಡದೆ ನಕಲಿಸುತ್ತದೆ. ನನ್ನ 512 ಜಿಬಿ ಡಿಸ್ಕಿಗೆ 512 ಜಿಬಿಯ ಕಡತ! 1990ರ ದಶಕದ ಮಧ್ಯದಲ್ಲಿ ನ್ಯೂಜಿಲೆಂಡಿನ ಮರ್ರೆ ಹ್ಯಾಝರ್ಡ್ 'ಘೋಸ್ಟ್' ಬರೆದರು. ಅದನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡಿತು. ಒಂದು ಕಂಪ್ಯೂಟರ್ ಸಿದ್ಧಪಡಿಸಿ ಅದನ್ನೇ ನೂರಕ್ಕೆ ನಕಲಿಸುವ ಕೆಲಸಕ್ಕೆ ಅದು ಎಷ್ಟು ರೂಢಿಯಾಯಿತೆಂದರೆ 'ಘೋಸ್ಟ್ ಮಾಡುವುದು' ಎಂಬ ಕ್ರಿಯಾಪದವೇ ಹುಟ್ಟಿಕೊಂಡಿತು. 2013ರಲ್ಲಿ ನಾರ್ಟನ್ ಘೋಸ್ಟ್ ನಿಂತುಹೋಯಿತು. ವಿಂಡೋಸ್ ತನ್ನೊಳಗೇ ಇಟ್ಟುಕೊಂಡಿರುವ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2017ರಲ್ಲೇ ಕೈಬಿಡುವ ಪಟ್ಟಿಗೆ ಸೇರಿಸಿತು. ಹಲವರು ನೆಚ್ಚಿದ್ದ ಮ್ಯಾಕ್ರಿಯಮ್ ರಿಫ್ಲೆಕ್ಟಿನ ಉಚಿತ ಆವೃತ್ತಿಗೆ 2024ರ ಜನವರಿ 1ಕ್ಕೆ ಬೆಂಬಲ ಮುಗಿಯಿತು.

ಈ ಚರಿತ್ರೆ ನೋಡಿದ ಮೇಲೆ ನನ್ನ ಆಯ್ಕೆಯ ಪ್ರಶ್ನೆಗಳು ಬದಲಾದವು. ಯಾವುದು ವೇಗ, ಯಾವುದು ಚೆಂದ ಎಂದು ಕೇಳುವುದನ್ನು ಬಿಟ್ಟೆ. ಮೊದಲ ಪ್ರಶ್ನೆ: ವಿಂಡೋಸಿನ ಎನ್‌ಟಿಎಫ್‌ಎಸ್, ಉಬುಂಟುವಿನ ಎಕ್ಸ್ಟ್4 ಎರಡೂ ಅದಕ್ಕೆ ಗೊತ್ತೇ? ಎರಡನೆಯದು: ಎರಡು ಬಾಗಿಲಿನ ಕೀಲಿ ಇರುವ ಇಎಫ್‌ಐ ಪಾರ್ಟಿಷನ್ ಮತ್ತು ಪಾರ್ಟಿಷನ್ ಪಟ್ಟಿಯನ್ನೂ ಸೇರಿಸಿಕೊಳ್ಳುತ್ತದೆಯೇ? ಮೂರನೆಯದು: ತಯಾರಿಸಿದ ಕಂಪನಿ ಮುಚ್ಚಿದರೂ ಆ ಇಮೇಜ್ ತೆರೆಯುತ್ತದೆಯೇ? ಮುಚ್ಚಿದ ರೂಪದ ಫೈಲಿಗೆ ಏನಾಗುತ್ತದೆ ಎಂದು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೆಯ ಫಾಂಟುಗಳು ಹೇಳಿಕೊಟ್ಟಿವೆ.

ಮೂರಕ್ಕೂ ಹೌದೆಂದದ್ದು ಕ್ಲೋನ್‌ಜಿಲ್ಲಾ. ತೈವಾನಿನ ಸರಕಾರಿ ಗಣನ ಕೇಂದ್ರದಲ್ಲಿ ಬೆಳೆದ ಮುಕ್ತ ತಂತ್ರಾಂಶವದು. ಅದು ಪೆನ್‌ಡ್ರೈವಿನಿಂದಲೇ ಏಳುತ್ತದೆ, ಡಿಸ್ಕಿನ ಎರಡೂ ವ್ಯವಸ್ಥೆಗಳು ಮಲಗಿರುವಾಗ ಕೆಲಸ ಮಾಡುತ್ತದೆ, ತುಂಬಿದ ತುಣುಕುಗಳನ್ನಷ್ಟೇ ನಕಲಿಸುತ್ತದೆ. ಅದರ ಪರದೆ ನೋಡಿ ಹೆದರುವವರಿಗೆ ರೆಸ್ಕ್ಯೂಜಿಲ್ಲಾ ಇದೆ; ಮೌಸಿನಿಂದ ನಡೆಯುತ್ತದೆ, ಕ್ಲೋನ್‌ಜಿಲ್ಲಾದ ಇಮೇಜುಗಳನ್ನೂ ತೆರೆಯುತ್ತದೆ. ನಾನು ಉಪಯೋಗಿಸಿದ್ದು ಇದನ್ನೇ. ವಿಂಡೋಸ್ ಒಂದನ್ನೇ ಇಟ್ಟುಕೊಂಡವರಿಗೆ, ಕೆಲಸ ನಿಲ್ಲಿಸದೆ ದಿನವೂ ಇಮೇಜ್ ಬೇಕೆನ್ನುವವರಿಗೆ ಹಣ ಕೊಟ್ಟು ಕೊಳ್ಳುವ ಸಾಧನಗಳೇ ಅನುಕೂಲ ಎಂಬುದನ್ನೂ ಹೇಳಬೇಕು.

ಎರಡು ಎಚ್ಚರಿಕೆ ಬೇಕು. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ. ಬಿಟ್‌ಲಾಕರ್ ಬೀಗವಿದ್ದರೆ ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ಬೀಗ ಹಾಕಿದ ಪಾರ್ಟಿಷನ್ನಿನಲ್ಲಿ ಯಾವುದು ಖಾಲಿ, ಯಾವುದು ತುಂಬಿದ್ದು ಎಂದು ಈ ಸಾಧನಗಳಿಗೆ ಗೊತ್ತಾಗದೆ ಇಮೇಜ್ ದೊಡ್ಡದಾಗುತ್ತದೆ.

ಇಮೇಜ್ ಮಾಡಿ ಮುಗಿಸಿದ ದಿನ ಮಣಿಪಾಲದಲ್ಲಿ ನಮ್ಮ ಗೈಡ್ ಮೇಡಂಗೆ ಹೆಮ್ಮೆಯಿಂದ ಹೇಳಿದೆ. ಅವರು ಶಾಂತವಾಗಿ, "ತಿರುಗಿ ಹಾಕಿ ನೋಡಿದಿರಾ?" ಎಂದು ಕೇಳಿದರು. ನೋಡಿರಲಿಲ್ಲ. ಗೆಳತಿಯ ಹತ್ತಿರ ಅಷ್ಟೇ ಗಾತ್ರದ ಹಳೆಯ ಡಿಸ್ಕೊಂದಿತ್ತು. ಈ ಸಾಧನಗಳಿಗೆ ಮೂಲದಷ್ಟು ಅಥವಾ ಅದಕ್ಕಿಂತ ದೊಡ್ಡ ಡಿಸ್ಕೇ ಬೇಕು. ಕಾರ್ಕಳದ ಅವಳ ಮನೆಯಲ್ಲಿ ಕುಳಿತು ಅದನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಇಮೇಜನ್ನು ಇಳಿಸಿದೆವು. ಆಯ್ಕೆಯ ಪಟ್ಟಿಯಲ್ಲಿ ಎರಡೂ ಹೆಸರು ಬಂದವು. ವಿಂಡೋಸಿಗೆ ಹೋಗಿ ಹಿರಿಯರ ಫೈಲು ತೆರೆದೆ. ಇಲ್ಲದ ಕಲ್ಲಿನ ಶಾಸನ, ಒತ್ತಕ್ಷರವೊಂದೂ ಕೆಡದೆ ಓದಿಸಿಕೊಂಡಿತು.

ಆ ಡಿಸ್ಕನ್ನು ಕಾಪುವಿನ ಉಪ್ಪುಗಾಳಿಗೆ ಮರಳಿ ತರಲಿಲ್ಲ. ಅದು ಈಗ ಗೆಳತಿಯ ಕಪಾಟಿನಲ್ಲಿ, ಸೀರೆಗಳ ನಡುವೆ ಇದೆ. ಆರು ತಿಂಗಳಿಗೊಮ್ಮೆ ಹೋಗಿ ತೆರೆದು ನೋಡುತ್ತೇನೆ.