ಸಣ್ಣ ಮಂಟಪಕ್ಕೆ ಲೈನ್ ಅರೇ ಸ್ಪೀಕರ್ ಬೇಕಾ? ಸಾಲ ಮಾಡೋ ಮುಂಚೆ ಇಷ್ಟು ತಿಳ್ಕೊಳ್ಳಿ

ಮದುವೆ, ಗಣೇಶೋತ್ಸವ, ರಾಜ್ಯೋತ್ಸವ, ಊರ ಜಾತ್ರೆಯ ಆರ್ಕೆಸ್ಟ್ರಾ... ಯಾವುದಕ್ಕೇ ಅಡ್ವಾನ್ಸ್ ಕೊಡಲು ಬಂದವರೂ ಈಗ ಸೌಂಡ್ಸ್ ಅಂಗಡಿಯಲ್ಲಿ ಕೇಳೋದು 'ಲೈನ್ ಅರೇ ಇದ್ಯಾ?' ಅಂತ. ಇಲ್ಲ ಅಂದ್ರೆ ಆರ್ಡರ್ ಪಕ್ಕದ ಊರಿನವರಿಗೆ ಹೋಗುತ್ತೆ ಅನ್ನೋ ಭಯಕ್ಕೆ ಎಷ್ಟೋ ಶಾಮಿಯಾನ-ಸೌಂಡ್ಸ್ ಅಂಗಡಿಯವರು ಸಾಲ ಮಾಡಿ ಬಾಕ್ಸ್ ತರುತ್ತಾರೆ. ಆದರೆ 300 ಜನ ಕೂರುವ ಮಂಟಪದಲ್ಲಿ ನಾಲ್ಕು ಬಾಕ್ಸ್ ನೇತುಹಾಕಿದ ಮಾತ್ರಕ್ಕೆ ಹಿಂದಿನ ಸಾಲಿಗೆ ಮಾತು ಸ್ಪಷ್ಟವಾಗಿ ಕೇಳಿಸಲ್ಲ. ಕಂತು ಮಾತ್ರ ತಪ್ಪದೆ ಬರುತ್ತೆ.

ಲೈನ್ ಅರೇ ಅಂದ್ರೇನು?

ಒಂದೇ ಥರದ ಬಾಕ್ಸ್‌ಗಳನ್ನು ಒಂದರ ಕೆಳಗೊಂದು ಜೋಡಿಸಿ, ಎಲ್ಲವೂ ಸೇರಿ ಒಂದೇ ಉದ್ದನೆಯ ಸ್ಪೀಕರ್‌ನಂತೆ ಕೆಲಸ ಮಾಡುವಂತೆ ಮಾಡುವುದೇ ಲೈನ್ ಅರೇ. ಫ್ರಾನ್ಸ್‌ನ ಎಲ್-ಅಕೌಸ್ಟಿಕ್ಸ್ ಕಂಪನಿ 1990ರ ದಶಕದಲ್ಲಿ ತಂದ ವಿ-ಡಾಸ್ಕ್ ಸಿಸ್ಟಮ್‌ನಿಂದ ಇದು ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಹೆಸರಾಯಿತು. ಅಂದ್ರೆ ಇದು ಮೂಲದಲ್ಲಿ ದೊಡ್ಡ ಮೈದಾನದ ಸಾಮಾನು.

ಇದರ ಲಾಭ ಹೀಗೆ. ಮಾಮೂಲಿ ಟಾಪ್ ಬಾಕ್ಸ್‌ನಿಂದ ದೂರ ದುಪ್ಪಟ್ಟಾದಂತೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತೆ. 10 ಅಡಿಯಲ್ಲಿ ಕೂತವರಿಗೂ 80 ಅಡಿಯಲ್ಲಿ ಕೂತವರಿಗೂ 18 ಡೆಸಿಬಲ್ ವ್ಯತ್ಯಾಸ. ಸಾಕಷ್ಟು ಉದ್ದದ ಲೈನ್ ಅರೇಯಲ್ಲಿ ಹತ್ತಿರದ ವಲಯದೊಳಗೆ ಇಳಿಯುವುದು 3 ಡೆಸಿಬಲ್ ಮಾತ್ರ. ಹಾಗಾಗಿ ಮುಂದಿನವರ ಕಿವಿ ಒಡೆಯದೆ ಹಿಂದಿನವರಿಗೂ ತಲುಪಿಸಬಹುದು.

ಗುಟ್ಟು ಇರೋದು ಉದ್ದದಲ್ಲಿ

ಆ 'ಹತ್ತಿರದ ವಲಯ' ಎಷ್ಟು ದೂರ ಅನ್ನೋದು ಸಾಲಿನ ಉದ್ದದ ಮೇಲೆ ನಿಂತಿದೆ. ಒಂದೊಂದು ಅಡಿ ಎತ್ತರದ 4 ಬಾಕ್ಸ್ ಹಾಕಿದರೆ ಉದ್ದ 4 ಅಡಿ. ಮಾತಿನ ಸ್ಪಷ್ಟತೆಗೆ ಮುಖ್ಯವಾದ 1,000 ಹರ್ಟ್ಸ್‌ನಲ್ಲಿ ಈ ಲಾಭ ಅಂದಾಜು 7 ಅಡಿಗೇ ಮುಗಿಯುತ್ತೆ. 4,000 ಹರ್ಟ್ಸ್‌ನಲ್ಲಿ ಸುಮಾರು 27 ಅಡಿ. ಸುಮಾರು 300 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಮೇಲೆ ಕೆಳಗೆ ಎಲ್ಲ ಕಡೆ ಹರಡುತ್ತೆ, ಅದಕ್ಕೆ ಹಿಡಿತವೇ ಇರಲ್ಲ. ಅದೇ 8 ಬಾಕ್ಸ್ ಹಾಕಿದರೆ ವಲಯದ ದೂರ ನಾಲ್ಕು ಪಟ್ಟು ಹೆಚ್ಚುತ್ತೆ. ಒಟ್ಟಿನಲ್ಲಿ, ಬದಿಗೆ ಎರಡೇ ಬಾಕ್ಸ್ ನೇತುಹಾಕಿದರೆ ಅದು ನೋಡೋಕಷ್ಟೇ ಲೈನ್ ಅರೇ.

ಮೊದಲು ಟೇಪ್ ಹಿಡಿದು ಜಾಗ ಅಳೆಯಿರಿ

ಹೆಚ್ಚು ಬುಕಿಂಗ್ ಬರುವ ನಾಲ್ಕೈದು ಜಾಗಗಳ ಉದ್ದ, ಅಗಲ, ಚಾವಣಿ ಎತ್ತರ ಬರೆದಿಟ್ಟುಕೊಳ್ಳಿ.

- 40-50 ಅಡಿ ಉದ್ದದ ಹಾಲ್, ತಗ್ಗು ಚಾವಣಿ: 12 ಇಂಚಿನ ಒಳ್ಳೆಯ ಎರಡು ಟಾಪ್, ಎರಡು ಬೇಸ್ ಸಾಕು. ಇಲ್ಲಿ ಲೈನ್ ಅರೇ ನೇತುಹಾಕಲು ಎತ್ತರವೇ ಸಿಗಲ್ಲ.
- ಭಾಷಣ, ಹರಿಕಥೆ, ಭಜನೆ ಹೆಚ್ಚಿದ್ದರೆ: ಕಾಲಂ ಸ್ಪೀಕರ್ ನೋಡಿ. ಅದೂ ಸಣ್ಣ ಲೈನ್ ಅರೇನೇ. ಹಗುರ, ಒಬ್ಬರೇ ಎತ್ತಿ ನಿಲ್ಲಿಸಬಹುದು. ಆರ್ಕೆಸ್ಟ್ರಾದ ಅಬ್ಬರಕ್ಕೆ ಮಾತ್ರ ಸಾಲದು.
- 80-100 ಅಡಿ ಉದ್ದದ ಮಂಟಪ, ಸಾಕಷ್ಟು ಎತ್ತರ: ಬದಿಗೆ 6 ಬಾಕ್ಸ್‌ನಂತೆ ಸಣ್ಣ ಲೈನ್ ಅರೇ ಕೆಲಸಕ್ಕೆ ಬರುತ್ತೆ.
- ಉದ್ದನೆಯ ಹಾಲ್, ಬಜೆಟ್ ಕಮ್ಮಿ: ಮಧ್ಯದಲ್ಲಿ ಇನ್ನೊಂದು ಜೊತೆ ಟಾಪ್ ನಿಲ್ಲಿಸಿ ಡಿಲೇ ಕೊಡಿ. ಶಬ್ದ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮುಂದಿನ ಸ್ಪೀಕರ್ 15 ಮೀಟರ್ ದೂರದಲ್ಲಿದ್ದರೆ ಸುಮಾರು 45 ಮಿಲಿಸೆಕೆಂಡ್. ಇದನ್ನು ಮಾಡದಿದ್ದರೆ ಒಂದೇ ಮಾತು ಎರಡು ಸಲ ಕೇಳುತ್ತೆ.

ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ, ತಗಡಿನ ಶೀಟ್ ಇರುವ ಕಡೆ ಶಬ್ದ ಬಡಿದು ವಾಪಸ್ ಬರುತ್ತೆ. ಅಲ್ಲಿ ವಾಲ್ಯೂಮ್ ಏರಿಸಿದಷ್ಟೂ ಗದ್ದಲ ಜಾಸ್ತಿ. ಬಾಕ್ಸ್‌ಗಳ ಮುಖವನ್ನು ಜನರ ಕಡೆ ಬಗ್ಗಿಸಬೇಕು, ಹಿಂದಿನ ಗೋಡೆಗಲ್ಲ.

ಅಂಗಡಿಯಲ್ಲಿ ಕೇಳಬೇಕಾದ್ದು

ವ್ಯಾಟ್ ನೋಡಿ ಮರುಳಾಗಬೇಡಿ. ಪೀಕ್ ಬೇರೆ, ಆರ್‌ಎಂಎಸ್ ಬೇರೆ. ವ್ಯಾಟ್ ದುಪ್ಪಟ್ಟು ಮಾಡಿದರೂ ಸಿಗೋದು 3 ಡೆಸಿಬಲ್ ಅಷ್ಟೇ. ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ ಕೇಳಿ. 97 ಇರುವ ಬಾಕ್ಸ್‌ಗಿಂತ 100 ಇರುವ ಬಾಕ್ಸ್‌ಗೆ ಅರ್ಧ ಪವರ್ ಸಾಕು.

8 ಓಮ್‌ನ 2 ಬಾಕ್ಸ್ ಪ್ಯಾರಲಲ್ ಕೊಟ್ಟರೆ 4 ಓಮ್, 4 ಬಾಕ್ಸ್ ಕೊಟ್ಟರೆ 2 ಓಮ್ ಆಗುತ್ತೆ. 2 ಓಮ್ ತಡೆಯದ ಆಂಪ್ಲಿಫೈಯರ್‌ಗೆ ಹಾಗೆ ಕೊಟ್ಟರೆ ಕಾರ್ಯಕ್ರಮದ ಮಧ್ಯೆಯೇ ಕೈಕೊಡಬಹುದು. ಪ್ರೊಸೆಸರ್, ಫ್ರೇಮ್, ಕೇಬಲ್ ಬೆಲೆಯಲ್ಲಿ ಸೇರಿದ್ಯಾ, ಡ್ರೈವರ್ ಸುಟ್ಟರೆ ಡಯಾಫ್ರಾಂ ಎಷ್ಟು ದಿನಕ್ಕೆ ಸಿಗುತ್ತೆ ಅನ್ನೋದನ್ನೂ ಮೊದಲೇ ಕೇಳಿ. ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡಿ, ವಾರಂಟಿ ಕೇಳಲು ಅದೇ ಆಧಾರ.

ಡೆಮೊ ಡೀಲರ್ ಗೋಡೌನ್‌ನಲ್ಲಿ ಬೇಡ, ನಿಮ್ಮೂರಿನ ಮಂಟಪದಲ್ಲೇ ಆಗಲಿ. ಹಾಡು ಹಾಕಿ ಕೇಳುವ ಬದಲು ಒಬ್ಬರಿಗೆ ಮೈಕ್ ಕೊಟ್ಟು ಮಾತಾಡಿಸಿ, ನೀವು ಕೊನೇ ಸಾಲಿನಲ್ಲಿ ಕೂತು ಕೇಳಿ.

ನೇತುಹಾಕುವಾಗ ಜೋಕೆ

ಬಾಕ್ಸ್‌ಗೆ 20 ಕೆಜಿ ಅಂದ್ರೂ 6 ಬಾಕ್ಸ್‌ಗೆ 120 ಕೆಜಿ. ಫ್ರೇಮ್, ಕೇಬಲ್ ತೂಕ ಬೇರೆ. ಶಾಮಿಯಾನ ಕಂಬಕ್ಕೆ, ಶೀಟ್‌ನ ಪೈಪ್‌ಗೆ ಇದನ್ನು ಕಟ್ಟಲೇಬಾರದು. ಭಾರ ತಡೆಯುವ ಟ್ರಸ್, ತೂಕ ನಮೂದಿಸಿದ ಚೈನ್ ಹಾಯ್ಸ್ಟ್, ಜೊತೆಗೊಂದು ಸೇಫ್ಟಿ ಚೈನ್ ಇರಲಿ. ಅದಿಲ್ಲದಿದ್ದರೆ ಕಂಪನಿ ಹೇಳಿದ ಪ್ರಕಾರ ಬೇಸ್ ಬಾಕ್ಸ್ ಮೇಲೆ ಜೋಡಿಸಿ. ಕೆಳಗೆ ಕೂರೋದು ನಮ್ಮ ಜನ, ಮಕ್ಕಳು.

ಕಾನೂನು ಮರೀಬೇಡಿ

2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಸರ್ಕಾರ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ಕಾರ್ಯಕ್ರಮದ ಜಾಗದ ಗಡಿಯಲ್ಲಿ ಶಬ್ದವು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಪ್ರದೇಶದ ಹಗಲಿನ ಮಿತಿ 55, ಅಲ್ಲಿಗೆ ಗಡಿಯಲ್ಲಿ 65 ಡೆಸಿಬಲ್. ಲಕ್ಷಗಟ್ಟಲೆ ಸುರಿದು ತಂದ ಸೆಟ್ ಅನ್ನು ಇಷ್ಟರೊಳಗೇ ಬಾರಿಸಬೇಕು ಅನ್ನೋದು ಲೆಕ್ಕದಲ್ಲಿರಲಿ.

ಮೊದಲ ಸೀಸನ್‌ಗೆ ಲೈನ್ ಅರೇಯನ್ನು ಬಾಡಿಗೆಗೆ ತಂದು ಹಾಕಿ. ವರ್ಷಕ್ಕೆ ಎಷ್ಟು ದಿನ ನಿಜಕ್ಕೂ ಬೇಕಾಯ್ತು ಅಂತ ಡೈರಿಯಲ್ಲಿ ಬರೆದಿಡಿ. ಆ ಬಾಡಿಗೆಯ ಮೊತ್ತ ಕಂತಿಗಿಂತ ಜಾಸ್ತಿ ಆದಾಗ ಖರೀದಿ ಮಾತು ಎತ್ತಿ. ಅಲ್ಲಿಯವರೆಗೆ ಇರೋ ಟಾಪ್‌ಗಳನ್ನೇ ಸರಿಯಾದ ಎತ್ತರಕ್ಕೆ ನಿಲ್ಲಿಸಿದರೆ, ಮದುವೆ ಮನೆಯ ಕೊನೇ ಸಾಲಿನ ಅಜ್ಜಿಗೂ ಮಾತು ಕೇಳಿಸುತ್ತೆ.