ಪ್ರವಾಸಿ ವೀಸಾ: ಎಷ್ಟು ದಿನ ಇರಬಹುದು, ಮತ್ತೆ ಯಾವಾಗ ಹೋಗಬಹುದು

ಮಗಳ ಬಾಣಂತನಕ್ಕೆಂದು ಹುಣಸೂರಿನ ತಾಯಿ ಅಮೆರಿಕಕ್ಕೆ ಹೋಗುತ್ತಾರೆ. ಅಲ್ಲಿ ಹುಟ್ಟಿದ ಮೊಮ್ಮಗು ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಅಜ್ಜನ ಊರಿಗೆ ಬರುತ್ತದೆ. ಜೈನ ಕುಟುಂಬಗಳಲ್ಲಿ ಈಗ ಇವೆರಡೂ ಮಾಮೂಲಿ ಸಂಗತಿ. ಇಂಥ ಪ್ರಯಾಣಗಳು ಹೆಚ್ಚಾಗಿ ನಡೆಯುವುದು ಪ್ರವಾಸಿ ವೀಸಾದ ಮೇಲೆ, ಮತ್ತು ಎರಡು ಕಡೆಯೂ ಜನ ಎಡವುವುದು ಒಂದೇ ಜಾಗದಲ್ಲಿ: ವೀಸಾದ ಮೇಲಿನ ಕೊನೆಯ ತಾರೀಕನ್ನು ಅಲ್ಲಿ ಇರಬಹುದಾದ ಕೊನೆಯ ದಿನ ಎಂದು ತಿಳಿಯುವುದು.

ವೀಸಾ ಎಂದರೆ ಆ ದೇಶದ ಬಾಗಿಲು ತಟ್ಟಲು ಸಿಕ್ಕಿದ ಅನುಮತಿ. ಹತ್ತು ವರ್ಷದ ವೀಸಾ ಇದ್ದರೆ ಹತ್ತು ವರ್ಷದವರೆಗೆ ಬಾಗಿಲು ತಟ್ಟಬಹುದು, ಅಷ್ಟೆ. ಒಳಗೆ ಬಂದವರು ಎಷ್ಟು ದಿನ ಇರಬಹುದು ಎನ್ನುವುದು ಬೇರೆ ಲೆಕ್ಕ. ಮತ್ತೆ ಬರಬಹುದೇ ಎನ್ನುವುದು ಮೂರನೆಯದು. ಒಂದೇ ಸಲದ ಪ್ರವೇಶಕ್ಕೆ ಕೊಟ್ಟ ವೀಸಾ ಆಗಿದ್ದರೆ, ಅವಧಿ ಇನ್ನೂ ಉಳಿದಿದ್ದರೂ ಹೊರಗೆ ಕಾಲಿಟ್ಟ ಕೂಡಲೇ ಅದರ ಕೆಲಸ ಮುಗಿಯಿತು.

ಅಮೆರಿಕದ ವಿಷಯ ಸ್ವಲ್ಪ ವಿವರವಾಗಿಯೇ ತಿಳಿಯಬೇಕು. ತಂದೆತಾಯಿಗಳಿಗೆ ಸಾಮಾನ್ಯವಾಗಿ ಸಿಗುವುದು ಹತ್ತು ವರ್ಷದ ಬಿ-1/ಬಿ-2 ವೀಸಾ. ಆದರೆ ತಂಗುವ ದಿನ ತೀರ್ಮಾನವಾಗುವುದು ವಿಮಾನ ನಿಲ್ದಾಣದಲ್ಲಿ. ಅಲ್ಲಿನ ಅಧಿಕಾರಿ ಸಾಧಾರಣವಾಗಿ ಆರು ತಿಂಗಳು ಕೊಡುತ್ತಾರೆ, ಕಡಿಮೆ ಕೊಡುವ ಅಧಿಕಾರವೂ ಅವರಿಗಿದೆ. ಆ ತಾರೀಕು ಐ-94 ಎಂಬ ದಾಖಲೆಯಲ್ಲಿ ಸೇರುತ್ತದೆ. ಅದು ಈಗ ಕಾಗದವಲ್ಲ, ಅಮೆರಿಕದ ಗಡಿ ಇಲಾಖೆಯ ವೆಬ್‌ಸೈಟಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ನೋಡಬೇಕು. ಮಗ ಅಥವಾ ಮಗಳು ಅದನ್ನು ಮೊದಲ ವಾರದಲ್ಲೇ ತೆಗೆದು ಒಂದು ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಅಂದಾಜಿನ ಮೇಲೆ ಹೋಗಬಾರದು.

ಒಂದು ಉದಾಹರಣೆ. ತಾಯಿ ಮಾರ್ಚ್ 10ರಂದು ಇಳಿದರು, ಐ-94ರಲ್ಲಿ ಸೆಪ್ಟೆಂಬರ್ 9 ಎಂದಿದೆ. ಮಗುವಿಗೆ ಹುಷಾರಿಲ್ಲ, ಹತ್ತು ದಿನ ಬಿಟ್ಟು ಹೊರಟರಾಯಿತು ಎಂದು ಸೆಪ್ಟೆಂಬರ್ 20ಕ್ಕೆ ಟಿಕೆಟ್ ಮುಂದೂಡಿದರು. ವಿಮಾನ ನಿಲ್ದಾಣದಲ್ಲಿ ಯಾರೂ ತಡೆಯಲಿಲ್ಲ, ಸುಖವಾಗಿ ಮನೆ ಸೇರಿದರು. ಆದರೆ ಅಲ್ಲಿನ ಕಾನೂನಿನ ಪ್ರಕಾರ ಸೆಪ್ಟೆಂಬರ್ 10ರಿಂದಲೇ ಅವರದು ಅವಧಿ ಮೀರಿದ ವಾಸ, ಆ ವೀಸಾ ತಾನಾಗಿ ರದ್ದು. ಪಾಸ್‌ಪೋರ್ಟಿನಲ್ಲಿ ಇನ್ನೂ ಎಂಟು ವರ್ಷ ಎಂದು ಮುದ್ರಿಸಿದ್ದರೂ ಬೆಲೆಯಿಲ್ಲ. ಮುಂದಿನ ಬಾಣಂತನಕ್ಕೆ ಹೋಗಲು ಹೊಸದಾಗಿ ಶುಲ್ಕ ಕಟ್ಟಿ, ಸಂದರ್ಶನಕ್ಕೆ ಕಾದು, ಆ ಹನ್ನೊಂದು ದಿನಕ್ಕೆ ಉತ್ತರ ಹೇಳಬೇಕು. ಮೀರಿದ ವಾಸ 180 ದಿನ ದಾಟಿದರೆ ಮೂರು ವರ್ಷ, ಒಂದು ವರ್ಷ ಮುಟ್ಟಿದರೆ ಹತ್ತು ವರ್ಷ ಪ್ರವೇಶವಿಲ್ಲ.

ನಿಜವಾದ ಕಾರಣ ಇದ್ದರೆ ದಾರಿಯೂ ಇದೆ. ಅವಧಿ ಮುಗಿಯುವ ಮೊದಲೇ ಐ-539 ಅರ್ಜಿ ಹಾಕಿ ಹೆಚ್ಚಿನ ಸಮಯ ಕೇಳಬಹುದು. ಕನಿಷ್ಠ 45 ದಿನ ಮುಂಚೆ ಹಾಕಿ ಎಂಬುದು ಅಲ್ಲಿನ ಇಲಾಖೆಯ ಸಲಹೆ. ಮುಗಿದ ಮೇಲೆ ಹಾಕಿದ ಅರ್ಜಿಯನ್ನು ಪರಿಗಣಿಸುವುದೇ ಅಪರೂಪ.

ಮರಳಿ ಬಂದ ಮೇಲೆ ಇಷ್ಟು ತಿಂಗಳು ಊರಿನಲ್ಲೇ ಇರಬೇಕು ಎಂಬ ಲಿಖಿತ ನಿಯಮ ಅಮೆರಿಕದಲ್ಲಿಲ್ಲ. ಹಾಗೆಂದು ಆರು ತಿಂಗಳು ಇದ್ದು, ಒಂದು ತಿಂಗಳು ಊರಿಗೆ ಬಂದು, ಮತ್ತೆ ಆರು ತಿಂಗಳಿಗೆ ಹೊರಟವರನ್ನು ಅಧಿಕಾರಿ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಅಲ್ಲಿ ಬೇಕಾಗುವುದು ಊರಿನಲ್ಲಿ ಬಾಳುವೆ ಇದೆ ಎಂಬುದಕ್ಕೆ ಆಧಾರ: ಮನೆ ಪತ್ರ, ಅಂಗಡಿಯ ಜಿಎಸ್‌ಟಿ ರಿಟರ್ನ್, ವಾಪಸು ಟಿಕೆಟ್. ನಯಾಗರಾ ನೋಡಲು ನಾಲ್ಕು ದಿನ ಕೆನಡಾಗೆ ಹೋಗಿ ಬಂದರೆ ಆರು ತಿಂಗಳು ಹೊಸದಾಗಿ ಶುರು ಎಂದು ಹಲವರು ನಂಬಿದ್ದಾರೆ. ಅಂಥ ಚಿಕ್ಕ ಪ್ರವಾಸದ ನಂತರ ಸಾಮಾನ್ಯವಾಗಿ ಹಳೆಯ ಐ-94 ತಾರೀಕೇ ಮುಂದುವರಿಯುತ್ತದೆ. ಕೆನಡಾ ವೀಸಾ ಬೇರೆ ಬೇಕು, ಅದೂ ನೆನಪಿರಲಿ.

ಬ್ರಿಟನ್ನಿನ ಸಂದರ್ಶಕ ವೀಸಾ ಹತ್ತು ವರ್ಷದ್ದಾದರೂ ಒಂದು ಭೇಟಿಗೆ ಹೆಚ್ಚೆಂದರೆ ಆರು ತಿಂಗಳು. ಜರ್ಮನಿ, ಫ್ರಾನ್ಸ್ ಮೊದಲಾದ ಷೆಂಗೆನ್ ದೇಶಗಳಲ್ಲಿ ಮಾತ್ರ ಲೆಕ್ಕ ಕಟ್ಟುನಿಟ್ಟು: ಯಾವ ದಿನ ನಿಂತು ಹಿಂದಕ್ಕೆ ಎಣಿಸಿದರೂ 180 ದಿನದಲ್ಲಿ 90 ದಿನ ಮೀರಬಾರದು. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಏಪ್ರಿಲ್ 1ಕ್ಕೆ ಹೋಗಿ ಮೇ 30ಕ್ಕೆ ಹೊರಟವರು 60 ದಿನ ಬಳಸಿದರು. ಜುಲೈ 15ಕ್ಕೆ ಮತ್ತೆ ಹೋದರೆ ಅವರಿಗೆ ಉಳಿದಿರುವುದು 30 ದಿನ, ಆಗಸ್ಟ್ 13ಕ್ಕೆ ಹೊರಡಲೇಬೇಕು. ಅದೂ ವೀಸಾದಲ್ಲಿ ಅಷ್ಟು ದಿನ ಬರೆದಿದ್ದರೆ ಮಾತ್ರ. ಮೊದಲ ಸಲದವರಿಗೆ ಕೊಡುವ ವೀಸಾದಲ್ಲಿ ಎಷ್ಟೋ ಸಲ 15 ಅಥವಾ 30 ದಿನವಷ್ಟೇ ಇರುತ್ತದೆ. 2025ರ ಅಕ್ಟೋಬರಿನಿಂದ ಅಲ್ಲಿ ಬೆರಳಚ್ಚು, ಮುಖಚಿತ್ರ ತೆಗೆದು ಕಂಪ್ಯೂಟರೇ ದಿನ ಎಣಿಸುವ ವ್ಯವಸ್ಥೆ ಬಂದಿದೆ. ಮುದ್ರೆ ಮಸುಕಾಗಿತ್ತು ಎಂಬ ಮಾತು ಇನ್ನು ನಡೆಯದು.

ಇನ್ನು ಹೊರಗಿನಿಂದ ಊರಿಗೆ ಬರುವವರ ವಿಷಯ. 2009ರ ಕೊನೆಯಲ್ಲಿ, ಡೇವಿಡ್ ಹೆಡ್ಲಿ ಪ್ರಕರಣದ ನಂತರ, ಭಾರತ ಸರ್ಕಾರ ಒಂದು ನಿಯಮ ತಂದಿತ್ತು: ಪ್ರವಾಸಿ ವೀಸಾದಲ್ಲಿ ಬಂದು ಹೋದವರು ಎರಡು ತಿಂಗಳು ಕಳೆಯದೆ ಮತ್ತೆ ಬರುವಂತಿಲ್ಲ. 2012ರ ಕೊನೆಗೆ ಕೆಲವು ದೇಶಗಳವರನ್ನು ಬಿಟ್ಟು ಉಳಿದವರಿಗೆ ಅದು ಹೋಯಿತು. ಈಗಲೂ ‘ಎರಡು ತಿಂಗಳು ಬಿಡಬೇಕಂತೆ’ ಎಂದು ಹೇಳುವವರು ಆ ಹಳೆಯ ನಿಯಮವನ್ನೇ ಹೇಳುತ್ತಿರುತ್ತಾರೆ.

ಒಂದು ವರ್ಷ, ಐದು ವರ್ಷದ ಇ-ಪ್ರವಾಸಿ ವೀಸಾದಲ್ಲಿ ಎಷ್ಟು ಸಲವಾದರೂ ಬರಬಹುದು. ಆದರೆ ಜನವರಿಯಿಂದ ಡಿಸೆಂಬರ್‌ವರೆಗೆ ಒಟ್ಟು ವಾಸ 180 ದಿನ ಮೀರಬಾರದು. ಐದು ವರ್ಷದ ಇ-ವೀಸಾ 2019ರಲ್ಲಿ ಬಂದಾಗ ಒಂದು ಭೇಟಿಗೆ ಅಮೆರಿಕ, ಬ್ರಿಟನ್, ಕೆನಡಾ, ಜಪಾನ್ ನಾಗರಿಕರಿಗೆ 180 ದಿನ, ಉಳಿದವರಿಗೆ 90 ದಿನ ಎಂದು ಭೇದ ಮಾಡಲಾಗಿತ್ತು. ಒಂದೇ ಮದುವೆಗೆ ಬಂದ ಅಮೆರಿಕದ ಮೊಮ್ಮಗನಿಗೂ ಜರ್ಮನಿಯ ಮೊಮ್ಮಗಳಿಗೂ ಒಂದೇ ಲೆಕ್ಕ ಎಂದು ತಿಳಿಯಬಾರದು. ಅವರವರ ಅನುಮತಿ ಪತ್ರದಲ್ಲಿ ಬರೆದಷ್ಟೇ ದಿನ. ಇ-ವೀಸಾವನ್ನು ವಿಸ್ತರಿಸಲು ಬರುವುದಿಲ್ಲ. ಪದೇ ಪದೇ ಬರುವ ಭಾರತೀಯ ಮೂಲದವರು ಒಸಿಐ ಕಾರ್ಡ್ ಮಾಡಿಸಿಕೊಳ್ಳುವುದೇ ಲೇಸು, ಅದಕ್ಕೆ ದಿನದ ಮಿತಿಯಿಲ್ಲ.

ಆದರೆ ಒಸಿಐ ಇದ್ದರೂ ಇ-ವೀಸಾ ಇದ್ದರೂ ಈ ಭಾಗದಲ್ಲಿ ಒಂದು ತೊಡಕಿದೆ. ಗೊಮ್ಮಟಗಿರಿಗೆ, ಸಾಲಿಗ್ರಾಮಕ್ಕೆ, ಚಿಕ್ಕ ಹನಸೋಗೆಯ ಬಸದಿಗೆ ವಿದೇಶಿ ಬಂಧುಗಳನ್ನು ಕರೆದೊಯ್ಯಲು ಯಾವ ಅನುಮತಿಯೂ ಬೇಡ. ನಾಗರಹೊಳೆ ಅರಣ್ಯ ಸಂರಕ್ಷಿತವಾದರೂ ಅದು ಪ್ರಾಣಿಗಳ ಲೆಕ್ಕ, ವೀಸಾಕ್ಕೆ ಸಂಬಂಧವಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪ್ ಹಾಗಲ್ಲ. 1960ರ ದಶಕದಿಂದ ಇರುವ ಆ ವಸತಿಗೂ ಹುಣಸೂರು ತಾಲ್ಲೂಕಿನ ಗುರುಪುರದ ಕ್ಯಾಂಪಿಗೂ ವಿದೇಶಿಯರು ಹೋಗಿ ತಂಗಲು ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಹಗಲು ಹೊತ್ತಿನಲ್ಲಿ ಸ್ವರ್ಣ ದೇವಾಲಯ ನೋಡಿ ಹಿಂದಿರುಗುವ ವಿದೇಶಿಯರು ಬಹಳ ಜನ. ಕಷ್ಟ ಬರುವುದು ರಾತ್ರಿ ಉಳಿದಾಗ. ಪರವಾನಗಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಊರಿಗೆ ಬಂದ ಮೇಲೆ ಅರ್ಜಿ ಹಾಕಿದರೆ ರಜೆ ಮುಗಿದಿರುತ್ತದೆ. ಆದ್ದರಿಂದ ಕುಶಾಲನಗರದಲ್ಲೋ ಹುಣಸೂರಿನ ಮನೆಯಲ್ಲೋ ತಂಗುವ ಏರ್ಪಾಡು ಮಾಡಿಕೊಳ್ಳಬೇಕು.

ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ ತಂಗಲು ಕೋಣೆ ಕೊಟ್ಟ ಯಾತ್ರಿ ನಿವಾಸ, ಛತ್ರದವರು 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ತುಂಬಬೇಕು. ಫಾರಂ ಸಿ ಎಂದು ಜನ ಕರೆಯುತ್ತಿದ್ದುದು ಇದನ್ನೇ. ಕ್ಷೇತ್ರಗಳ ವ್ಯವಸ್ಥಾಪಕರು ಪೂಜೆ, ಊಟದ ಗಡಿಬಿಡಿಯಲ್ಲಿ ಇದನ್ನು ಮರೆತರೆ ಕೇಳಿಸಿಕೊಳ್ಳಬೇಕಾದವರು ಬಂದ ಅತಿಥಿಯೂ ಹೌದು, ಕೋಣೆ ಕೊಟ್ಟವರೂ ಹೌದು. ರೂಮಿನ ರಿಜಿಸ್ಟರ್ ಪಕ್ಕದಲ್ಲೇ ಅತಿಥಿಯ ಪಾಸ್‌ಪೋರ್ಟ್ ಮತ್ತು ವೀಸಾ ಜೆರಾಕ್ಸ್ ಇಟ್ಟುಕೊಂಡರೆ ಕೆಲಸ ಹತ್ತು ನಿಮಿಷದ್ದು.